ಜರೀಗಿಡಗಳ ಬೆನ್ನು ಹತ್ತಿದ ಕರ್ನಲ್ ಬೆಡ್ಡೋಮ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾನೂ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಿಸಿದಾಗ ಮೊದಲು ನೆನಪಿಗೆ ಬಂದುದು ಶಾಲೆಯ ಹಿಂಬದಿಯ ಮುರಕಲ್ಲಿನ ಕಟ್ಟೆ. ಆಟಿ ತಿಂಗಳ ಮಳೆಗೆ ಅದರ ಸಂದುಸಂದುಗಳಲ್ಲಿ ಜರೀಗಿಡಗಳು ತಲೆಯೆತ್ತುತ್ತಿದ್ದವು. ಎಲೆಯಡಿಯಲ್ಲಿ ಬಿಳಿಯ ಹುಡಿಯಿರುವ ಜರಿಯನ್ನು ಮುಂಗೈಯ ಮೇಲಿಟ್ಟು ಬಡಿದು, ಮೂಡಿದ ಬೆಳ್ಳಿ ಹಚ್ಚೆಯನ್ನು ಗೆಳೆಯರಿಗೆ ತೋರಿಸದ ಹಳೆ ವಿದ್ಯಾರ್ಥಿ ನಮ್ಮಲ್ಲಿ ಇರಲಾರ. ಆ ಹುಡಿ ಫ್ಲೇವನಾಯ್ಡ್ ಎಂಬ ರಾಸಾಯನಿಕ ವರ್ಗಕ್ಕೆ ಸೇರಿದ್ದೆಂದೂ, ಗಿಡವು ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯೂರಿದ್ದೆಂದೂ ನನಗೆ ತಿಳಿದುದು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದತೊಡಗಿದ ಮೇಲೆ. ರಿಚರ್ಡ್ ಹೆನ್ರಿ ಬೆಡ್ಡೋಮ್ ಎಂಬ ಹೆಸರನ್ನು ಕೇಳಿದುದೂ ಅಲ್ಲಿಯೇ. ನಮ್ಮ ನಾಡಿನ ಜರೀಗಿಡಗಳನ್ನು ಕುರಿತು ಯಾವ ಪುಸ್ತಕವನ್ನು ತೆರೆದರೂ ಈ ಹೆಸರನ್ನು ದಾಟಿ ಮುಂದೆ ಹೋಗಲಾಗುವುದಿಲ್ಲ.

ಅವರು ಹುಟ್ಟಿದುದು ೧೮೩೦ರ ಮೇ ೧೧ರಂದು, ಲಂಡನ್ನಿನಲ್ಲಿ. ತಂದೆ ವಕೀಲರು. ಮಗನೂ ಅದೇ ವೃತ್ತಿಗೆಂದು ತರಬೇತಿ ಪಡೆದನಾದರೂ ಅದು ಅವನಿಗೆ ಹಿಡಿಸಲಿಲ್ಲ. ಹದಿನೆಂಟರ ಹರೆಯದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೆ ಸೇರಿ ಮದರಾಸಿನ ೪೨ನೆಯ ದೇಶೀಯ ಪದಾತಿದಳದೊಂದಿಗೆ ಜಬ್ಬಲಪುರದಲ್ಲಿ ಸೇವೆ ಸಲ್ಲಿಸಿದರು. ಸಸ್ಯಗಳ ಮೇಲಿದ್ದ ಒಲವು ಅವರ ಬದುಕಿನ ದಿಕ್ಕನ್ನು ಬದಲಿಸಿತು. ಮದರಾಸಿನಲ್ಲಿ ಅರಣ್ಯ ಇಲಾಖೆಯನ್ನು ಆಗತಾನೇ ಕಟ್ಟುತ್ತಿದ್ದ ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರು ೧೮೫೭ರಲ್ಲಿ ಈ ತರುಣ ಅಧಿಕಾರಿಯನ್ನು ಸಹಾಯಕನನ್ನಾಗಿ ತೆಗೆದುಕೊಂಡರು. ೧೮೬೦ರಿಂದ ೧೮೮೨ರವರೆಗೆ ಇಲಾಖೆಯ ಹೊಣೆ ಬೆಡ್ಡೋಮರದೇ ಆಯಿತು.

ಇಲ್ಲಿ ನಮ್ಮ ಊರಿನ ಮಾತು ಬರುತ್ತದೆ. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಅಂದರೆ ನಮ್ಮ ಅಜ್ಜಂದಿರ ಅಜ್ಜಂದಿರು ಸೌದೆ ಕಡಿದ ಕಾಡಿನ ಮೇಲೆ ಅಧಿಕಾರ ನಡೆಸಿದವರು ಇವರೇ. ಗುಡ್ಡದ ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಸರಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಮಾಡಕೂಡದೆಂದು ಮದರಾಸು ಸರಕಾರ ೧೮೬೦ರಲ್ಲಿಯೇ ವಿಧಿಸಿತು. ಇತ್ತ ರೈಲುದಾರಿಯ ಹಳಿಗಳಡಿಗೆ ಹಾಸಲು ಮರದ ತೊಲೆಗಳು ಬೇಕಾಗಿದ್ದವು. ವಯನಾಡು, ನೀಲಗಿರಿಗಳಲ್ಲಿ ಕಾಫಿ ತೋಟಗಳು ಹಬ್ಬುತ್ತಿದ್ದವು. ಬಡವನ ಕತ್ತಿಗೆ ತಡೆ, ತೋಟದ ಧಣಿಯ ಕೊಡಲಿಗೆ ದಾರಿ ಎಂಬಂತಿದ್ದ ಆ ವ್ಯವಸ್ಥೆಯ ಮೇಲ್ವಿಚಾರಕರಾಗಿದ್ದುಕೊಂಡೇ ಬೆಡ್ಡೋಮರು ಕಾಡಿನ ನೆರಳಲ್ಲಿ ಜರೀಗಿಡಗಳನ್ನು ಹುಡುಕುತ್ತಿದ್ದರು. ಅವರನ್ನು ಹೊಗಳುವಾಗ ಈ ಸಂಗತಿಯನ್ನು ಮರೆಮಾಚುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕಾಡು ತೋಟವಾಗುವ ಮೊದಲು ಅಲ್ಲಿ ಏನೇನಿತ್ತೆಂದು ನಮಗೆ ತಿಳಿಯುವುದು ಬಹುಮಟ್ಟಿಗೆ ಅವರಂಥವರ ಬರಹದಿಂದಲೇ ಎಂಬುದೂ ಅಷ್ಟೇ ನಿಜ.

೧೮೬೩-೬೪ರಲ್ಲಿ ಮದರಾಸಿನಲ್ಲಿ ಹೊರಬಂದ ಅವರ ಗ್ರಂಥವೊಂದು ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತದ್ದು. ಅದರಲ್ಲಿ ೨೭೧ ಚಿತ್ರಫಲಕಗಳಿವೆ. ಅದರ ಬೆನ್ನಿಗೇ ೧೮೬೫ರಿಂದ ೧೮೭೦ರವರೆಗೆ ಇಡೀ ಬ್ರಿಟಿಷ್ ಇಂಡಿಯಾದ ಜರೀಗಿಡಗಳ ಗ್ರಂಥ ಕಂತುಕಂತಾಗಿ ಬಂದಿತು. ಕಾಡಿನ ಮರಗಳನ್ನು ಕುರಿತ ಫ್ಲೋರಾ ಸಿಲ್ವಾಟಿಕಾ ಬೇರೆ. ನಮ್ಮ ಘಟ್ಟದ ಜನಕ್ಕೆ ಚಿರಪರಿಚಿತವಾದ ಬಲ್ಲಗಿ ಮರಕ್ಕೆ ಪೊಯಿಸಿಲೊನ್ಯೂರಾನ್ ಇಂಡಿಕಮ್ ಎಂದು ಶಾಸ್ತ್ರೀಯ ನಾಮಕರಣ ಮಾಡಿದವರು ಅವರೇ. ಮಣ್ಣೊಳಗೆ ಬದುಕುವ ಮೊಂಡುಬಾಲದ ಹಾವುಗಳನ್ನೂ ಕಪ್ಪೆಗಳನ್ನೂ ಅವರು ಬಿಡಲಿಲ್ಲ. ಜಯಪುರದ ಗುಡ್ಡದಲ್ಲಿ ಅವರು ೧೮೭೦ರ ದಶಕದಲ್ಲಿ ಕಂಡು ವಿವರಿಸಿದ ಒಂದು ನೆಲಹಲ್ಲಿ ಮತ್ತೆ ವಿಜ್ಞಾನಿಗಳ ಕಣ್ಣಿಗೆ ಬಿದ್ದುದು ಈ ಶತಮಾನದಲ್ಲಿ! ಇಂತಹ ಸಂಗ್ರಹವೆಲ್ಲ ಒಬ್ಬರ ಕೈಯ ಕೆಲಸವಲ್ಲ. ದಾರಿ ತೋರಿದವರ, ಗಂಟು ಹೊತ್ತವರ ಹೆಸರುಗಳನ್ನು ಗಿಡಗಳ ಹೆಸರಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ. ರಾಬರ್ಟ್ ವೈಟ್ ಅವರು ತಮ್ಮ ಚಿತ್ರಕಾರ ಗೋವಿಂದುವಿನ ಹೆಸರನ್ನು ಒಂದು ಸೀತಾಳೆ ಜಾತಿಗೆ ಇಟ್ಟುದನ್ನು ಇದಕ್ಕೆ ಅಪವಾದವೆನ್ನಬಹುದು.

ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಹಾಗಿದ್ದರೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಹೇಗೆ? ಎಲೆಯ ಬೆನ್ನಿನ ಮೇಲಿರುವ ಬೀಜಕಗಳ ಗುಂಪು ಯಾವ ಆಕಾರದ್ದು, ಅದಕ್ಕೆ ಹೊದಿಕೆಯಿದೆಯೇ, ಎಲೆಯ ನರಗಳು ಬಿಡಿಯಾಗಿವೆಯೇ ಬಲೆಯಂತೆ ಕೂಡಿವೆಯೇ ಎಂಬುದನ್ನು ಕೈಮಸೂರದಲ್ಲಿ ನೋಡಿ ಬೆಡ್ಡೋಮರು ಅವುಗಳನ್ನು ವಿಂಗಡಿಸಿದರು. ಕಣ್ಣು ಎಷ್ಟೇ ಚುರುಕಾದರೂ ಅದಕ್ಕೆ ಮಿತಿಯಿದೆ. ೧೮೮೩ರ ಕೈಪಿಡಿಯಲ್ಲಿ ಅವರು ಲ್ಯಾಸ್ಟ್ರಿಯ ಎಂಬ ಒಂದೇ ಜಾತಿಯಡಿ ಇಟ್ಟ ಗಿಡಗಳು ವಾಸ್ತವದಲ್ಲಿ ಎರಡು ಬೇರೆ ಬೇರೆ ಮನೆತನದವು. ಇದನ್ನು ಖಚಿತಪಡಿಸಿದ ಸಾಕ್ಷ್ಯಗಳಲ್ಲಿ ವರ್ಣತಂತುಗಳ ಎಣಿಕೆ ಮುಖ್ಯವಾದುದು. ಡ್ರಯಾಪ್ಟರಿಸ್ ಬಳಗದ ಮೂಲಸಂಖ್ಯೆ ೪೧. ಥೆಲಿಪ್ಟರಿಸ್ ಬಳಗದಲ್ಲಿ ಅದು ೩೬ನ್ನು ಮೀರುವುದಿಲ್ಲ. ಈ ಎಣಿಕೆಯ ಶಾಸ್ತ್ರಕ್ಕೆ ತಳಹದಿ ಹಾಕಿದುದು ಇಂಗ್ಲೆಂಡಿನ ಐರೀನ್ ಮ್ಯಾಂಟನ್ ಅವರ ೧೯೫೦ರ ಗ್ರಂಥ. ನಾಲ್ಕೇ ವರ್ಷಗಳಲ್ಲಿ, ೧೯೫೪ರಲ್ಲಿ, ತಿರುವನಂತಪುರದ ಅಬ್ರಹಾಂ ಮತ್ತು ನಿನಾನ್ ಅವರು ಒಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ, ಗೇಣುದ್ದವೂ ಇರದ ಜರಿಯ ಕೋಶದಲ್ಲಿ ಸುಮಾರು ೧೨೬೦ ವರ್ಣತಂತುಗಳನ್ನು ಎಣಿಸಿ ಜಗತ್ತನ್ನು ಬೆರಗಾಗಿಸಿದರು. ಮನುಷ್ಯನಲ್ಲಿರುವುದು ೪೬. ಮ್ಯಾಂಟನ್ ಆಗಲಿ ಇವರಾಗಲಿ ಎಣಿಕೆಗೆ ಕುಳಿತುಕೊಳ್ಳುವ ಮೊದಲು ಎದುರಿಗಿರುವ ಗಿಡ ಯಾವುದೆಂದು ಗೊತ್ತಾಗಬೇಕಾಗಿತ್ತು. ನಮ್ಮ ಘಟ್ಟಗಳ ಮಟ್ಟಿಗೆ ಆ ಗುರುತನ್ನು ಬರೆದಿಟ್ಟವರು ಬೆಡ್ಡೋಮರು.

ಇಲಾಖೆಯನ್ನು ಬಿಟ್ಟ ವರ್ಷವೇ ಮದರಾಸು ಅರಣ್ಯ ಕಾಯಿದೆ ಬಂದಿತು. ಕೈಪಿಡಿಗೆ ಅನುಬಂಧವೊಂದನ್ನು ಅವರು ೧೮೯೨ರಲ್ಲಿ ಸೇರಿಸಿದರು. ಕೊನೆಯ ದಿನಗಳನ್ನು ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಕಳೆದು, ೧೯೧೧ರ ಫೆಬ್ರವರಿ ೨೩ರಂದು ಅಲ್ಲಿಯೇ ತೀರಿಕೊಂಡರು.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ನಮ್ಮ ತೋಟದ ಸುರಂಗದ ಬಾಯಿಗೆ ಕೈಪಿಡಿಯನ್ನು ಕಂಕುಳಲ್ಲಿ ಇರಿಸಿಕೊಂಡು ಇಳಿದೆ. ಒಸರುವ ಗೋಡೆಯ ತುಂಬ ಕಪ್ಪು ಕಡ್ಡಿಯ, ಅರ್ಧಚಂದ್ರದಂಥ ಎಲೆಗಳ ಜರಿ ಇಳಿಬಿದ್ದಿತ್ತು. ಬೆಡ್ಡೋಮರು ಅದನ್ನು ಅಡಿಯಾಂಟಮ್ ಲುನುಲೇಟಮ್ ಎಂದು ಕರೆದಿದ್ದಾರೆ. ಈಗಿನವರು ಅಡಿಯಾಂಟಮ್ ಫಿಲಿಪೆನ್ಸ್ ಎನ್ನುತ್ತಾರೆ. ಎಲೆಯ ತುದಿ ಬಾಗಿ ಮಣ್ಣು ಮುಟ್ಟಿದಲ್ಲಿ ಬೇರುಬಿಟ್ಟು, ಅಲ್ಲಿ ಒಂದು ಮರಿ ಗಿಡ ಎದ್ದಿತ್ತು. ಜೊತೆಗೆ ಬಂದಿದ್ದ ಮೊಮ್ಮಗಳು ಅದನ್ನು ಕೀಳಬೇಡವೆಂದಳು; ಕೀಳಲಿಲ್ಲ.