ಜ್ವರದಲ್ಲಿ ಮದ್ದು ಕಂಡ ವೈದ್ಯ

ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವ ಹೆಸರು ವಿಲಿಯಂ ಕೋಲಿಯದು. 1862ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜನಿಸಿದ ಆತ ಹಾರ್ವರ್ಡ್‌ನಲ್ಲಿ ವೈದ್ಯಶಾಸ್ತ್ರ ಕಲಿತು, ನ್ಯೂಯಾರ್ಕ್‌ನಲ್ಲಿ ಶಸ್ತ್ರವೈದ್ಯನಾದ. 1890ರಲ್ಲಿ ಕೈಗೆ ಸಾರ್ಕೋಮಾ ತಗುಲಿದ್ದ 17ರ ಹುಡುಗಿಯೊಬ್ಬಳು ಆತನ ಬಳಿಗೆ ಬಂದಳು. ಕೈಯನ್ನೇ ಕತ್ತರಿಸಿದರೂ ಅವಳು ಉಳಿಯಲಿಲ್ಲ.

ಆ ಸಾವು ಕೋಲಿಯನ್ನು ಆಸ್ಪತ್ರೆಯ ಹಳೆಯ ದಾಖಲೆಗಳತ್ತ ದೂಡಿತು. ಕುತ್ತಿಗೆಯ ಗೆಡ್ಡೆ ಪದೇ ಪದೇ ಮರುಕಳಿಸಿ, ವೈದ್ಯರು ಕೈಚೆಲ್ಲಿದ್ದ ರೋಗಿಯೊಬ್ಬನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕಿನಿಂದ ತೀವ್ರ ಜ್ವರ ಬಂದಿತ್ತು. ಆನಂತರ ಗೆಡ್ಡೆ ಕರಗಿಹೋಗಿತ್ತು. ಮ್ಯಾನ್‌ಹಟನ್‌ನ ಕೇರಿಗಳಲ್ಲಿ ಅಲೆದು ಕೋಲಿ ಪತ್ತೆಹಚ್ಚಿದಾಗ, ಏಳು ವರ್ಷ ಕಳೆದಿದ್ದರೂ ಆ ರೋಗಿ ಆರೋಗ್ಯದಿಂದಿದ್ದ.

1891ರಲ್ಲಿ ಕೋಲಿ ಜೀವಂತ ಬ್ಯಾಕ್ಟೀರಿಯಾವನ್ನೇ ರೋಗಿಯೊಬ್ಬನಿಗೆ ಚುಚ್ಚಿದ. ಗೆಡ್ಡೆ ಕುಗ್ಗಿತು. ಆದರೆ ಇಂಥ ಸೋಂಕು ಕೆಲವರ ಪ್ರಾಣವನ್ನೂ ತೆಗೆದುದರಿಂದ, ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣವನ್ನು ಸಿದ್ಧಪಡಿಸಿದ. ಕೆಲವರು ಗುಣಮುಖರಾದರು, ಹಲವರು ಆಗಲಿಲ್ಲ. ಕಾರಣವನ್ನು ವಿವರಿಸಲು ಆತನಿಂದ ಆಗಲಿಲ್ಲ. ಮದ್ದಿನ ಹದವೂ ಒಂದೇ ತೆರನಾಗಿರಲಿಲ್ಲ. ವಿಕಿರಣ ಚಿಕಿತ್ಸೆಯ ಪಕ್ಷಪಾತಿ ಜೇಮ್ಸ್ ಯೂಯಿಂಗ್ ಪ್ರಬಲ ವಿರೋಧಿಯಾದರು. 1936ರಲ್ಲಿ ಕೋಲಿ ತೀರಿಕೊಂಡಾಗ ಆತನ ಮದ್ದು ಮೂಲೆ ಸೇರತೊಡಗಿತ್ತು.

ಇಂದು ನಮಗೆ ಉತ್ತರದ ಎಳೆಗಳು ಸಿಕ್ಕಿವೆ. ಬ್ಯಾಕ್ಟೀರಿಯಾದ ಅಂಶಗಳು ರೋಗನಿರೋಧಕ ಕೋಶಗಳನ್ನು ಎಚ್ಚರಿಸುತ್ತವೆ. ಡೆಂಡ್ರಿಟಿಕ್ ಕೋಶಗಳು ಗೆಡ್ಡೆಯ ಗುರುತನ್ನು ಟಿ ಕೋಶಗಳಿಗೆ ತೋರಿಸಿಕೊಡುತ್ತವೆ. ಟಿ ಕೋಶಗಳು ದಾಳಿಯಿಡುತ್ತವೆ. ಆದರೆ ಗೆಡ್ಡೆಯೂ ಸುಮ್ಮನಿರದು. ಅದು ಟಿ ಕೋಶಗಳಿಗೆ ಕಡಿವಾಣ ತೊಡಿಸುತ್ತದೆ. ಮ್ಯಾಕ್ರೊಫೇಜ್‌ಗಳನ್ನು ಒಲಿಸಿಕೊಂಡು ತನ್ನ ಬೆಳವಣಿಗೆಗೇ ದುಡಿಸಿಕೊಳ್ಳುತ್ತದೆ. ಆ ಕಡಿವಾಣವನ್ನು ಸಡಿಲಿಸುವ ದಾರಿ ತೋರಿದ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಕ್ಷಯದ ಬಿಸಿಜಿ ಲಸಿಕೆ ಮೂತ್ರಕೋಶದ ಕ್ಯಾನ್ಸರಿಗೆ ಮದ್ದಾಗಿದೆ. ತಂದೆಯ ದಾಖಲೆಗಳನ್ನು ಒಂದೊಂದಾಗಿ ಕಲೆಹಾಕಿದ ಮಗಳು ಹೆಲೆನ್, 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸ್ಥಾಪನೆಗೆ ಕಾರಣಳಾದಳು.

ಹಾಗೆಂದು ಕೋಲಿಯನ್ನು ಪವಾಡಪುರುಷನೆನ್ನಲು ನಾನು ಸಿದ್ಧನಿಲ್ಲ. ಪುರಾವೆ ಕೇಳಿದ ವಿರೋಧಿಗಳ ಪ್ರಶ್ನೆ ನ್ಯಾಯವಾದದ್ದೇ. ರೋಗನಿರೋಧಕ ಶಕ್ತಿ ಹೆಚ್ಚಿಸಿ ಕ್ಯಾನ್ಸರ್ ವಾಸಿಮಾಡುತ್ತೇವೆಂದು ಪುಡಿ, ಕಷಾಯ ಮಾರುವವರಿರುವ ಕಾಲದಲ್ಲಿ ಆ ಪ್ರಶ್ನೆಯನ್ನು ಬಿಟ್ಟುಕೊಡಲಾಗದು. ಆದರೆ ಪುರಾವೆ ಸಾಲದು ಎನ್ನುವುದು ಬೇರೆ, ಕಂಡದ್ದೇ ಸುಳ್ಳು ಎನ್ನುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಮರೆತದ್ದರಿಂದ ವೈದ್ಯಲೋಕ ಹಲವು ದಶಕಗಳನ್ನು ಕಳೆದುಕೊಂಡಿತು.