ಗಿರಿಶಿಖರದ ಕಾಯಕಜೀವಿ ತೇನ್‌ಸಿಂಗ್ ನೋರ್ಗೆ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಿನಲ್ಲಿ ಏರಿ, ಗೊಮ್ಮಟಮೂರ್ತಿಯ ಪಾದಸನ್ನಿಧಿಯಲ್ಲಿ ನಿಂತು ಬೆವರನ್ನೊರೆಸಿಕೊಂಡವರಿಗೆ ಏರಿಕೆಯ ಶ್ರಮವೂ ಅದರ ಅನಂತರದ ಧನ್ಯತೆಯೂ ಚೆನ್ನಾಗಿ ತಿಳಿದಿರುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲೆಗಳಲ್ಲಿ ಓದಿದವರಲ್ಲಿ ಆ ಮೆಟ್ಟಿಲುಗಳನ್ನು ಹತ್ತದವರು ವಿರಳ. ಆ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 3,300 ಅಡಿಗಳಿಗೆ ತುಸು ಹೆಚ್ಚು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 6,300 ಅಡಿಗಳಷ್ಟು. ಎವರೆಸ್ಟ್ ಶಿಖರವಾದರೋ 29,000 ಅಡಿಗಳನ್ನು ಮೀರಿ ನಿಂತಿದೆ. 1953ನೆಯ ಇಸವಿಯ ಮೇ 29ರಂದು ಆ ತುದಿಯನ್ನು ಮುಟ್ಟಿದ ಇಬ್ಬರಲ್ಲಿ ಒಬ್ಬರು, ಪರರ ಹೊರೆ ಹೊತ್ತು ಬದುಕನ್ನಾರಂಭಿಸಿದ ತೇನ್‌ಸಿಂಗ್ ನೋರ್ಗೆಯವರು. ಹೊರೆ ಹೊರುವ ಕಾಯಕವು ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯಬಲ್ಲದು, ಮೇಲೇರಿದ ಬಳಿಕ ಅವನು ಹೇಗೆ ನಡೆದುಕೊಳ್ಳಬೇಕು ಎಂಬೆರಡಕ್ಕೂ ಅವರ ಚರಿತ್ರೆಯು ನಿದರ್ಶನವಾಗಿದೆ.

ಆ ಶಿಖರದ ಎತ್ತರವನ್ನು ಲೋಕವು ಅರಿತ ಕಥೆಯಲ್ಲಿ ನಮ್ಮ ಸೀಮೆಗೂ ಒಂದು ಪಾಲುಂಟು. ವಿಲಿಯಂ ಲ್ಯಾಂಬ್ಟನ್ ಎಂಬಾತನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮಹಾಮೋಜಣಿಯನ್ನು ಆರಂಭಿಸಿ, ಮೈಸೂರು ಸೀಮೆಯನ್ನು ಹಾಯ್ದು ಮಂಗಳೂರಿನವರೆಗೆ ತ್ರಿಕೋನಗಳನ್ನು ಹೆಣೆದನು. ಅದೇ ಮೋಜಣಿ ಮುಂದೆ ಹಿಮಾಲಯವನ್ನು ಮುಟ್ಟಿತು. ವಂಗದೇಶದ ಗಣಿತಜ್ಞ ರಾಧಾನಾಥ ಸಿಕ್ದಾರರು 1852ರ ಸುಮಾರಿಗೆ ಈ ಶಿಖರವೇ ಜಗತ್ತಿನಲ್ಲಿ ಅತ್ಯುನ್ನತವೆಂದು ಲೆಕ್ಕ ಹಾಕಿದರು. ಹಿಂದಿನವರು ಅನೇಕರು ಇದನ್ನು ಗೌರೀಶಂಕರವೆಂದು ಕರೆದುದುಂಟು. ಗೌರೀಶಂಕರವು ವಾಸ್ತವವಾಗಿ ಬೇರೊಂದು ಶಿಖರ. ಶೆರ್ಪಾ ಜನರಿಗೆ ಇದು ಚೊಮೊಲುಂಗ್ಮಾ, ದೇವಿಯ ನೆಲೆ.

ತೇನ್‌ಸಿಂಗರು ಹುಟ್ಟಿದುದು 1914ರಲ್ಲಿ. ಆ ಪರ್ವತದ ನೆರಳಿನಲ್ಲೇ ಬಾಲ್ಯವು ಕಳೆಯಿತು. ತಂದೆ ಯಾಕ್ ಎಂಬ ಪರ್ವತಪ್ರದೇಶದ ದನಗಳನ್ನು ಕಾಯುವವನು. ಹದಿಮೂರು ಮಕ್ಕಳ ಆ ಬಡಸಂಸಾರದಲ್ಲಿ ಇವರು ಹನ್ನೊಂದನೆಯವರು. ಮೊದಲು ಇಟ್ಟ ಹೆಸರು ನಮ್‌ಗ್ಯಾಲ್ ವಾಂಗ್ಡಿ. ರೊಂಗ್‌ಬುಕ್ ಬೌದ್ಧಮಠದ ಹಿರಿಯ ಲಾಮಾ ಅವರು ಅದನ್ನು ಬದಲಿಸಿ, ಧರ್ಮವನ್ನನುಸರಿಸುವ ಭಾಗ್ಯವಂತನೆಂಬ ಅರ್ಥದ ತೇನ್‌ಸಿಂಗ್ ನೋರ್ಗೆ ಎಂಬ ನಾಮವನ್ನು ಅನುಗ್ರಹಿಸಿದರು. ಬಾಲಕನಿಗೆ ಅಕ್ಷರಾಭ್ಯಾಸದ ಯೋಗವು ಒದಗಲಿಲ್ಲ. ದನ ಕಾಯುತ್ತ ಆ ಶಿಖರವನ್ನೇ ನಿಟ್ಟಿಸುತ್ತಿದ್ದ ಹುಡುಗನು ಹದಿಹರೆಯದಲ್ಲಿ ಮನೆಬಿಟ್ಟು ಡಾರ್ಜಿಲಿಂಗನ್ನು ಸೇರಿದನು.

ಪರ್ವತಾರೋಹಣಕ್ಕೆ ಬರುತ್ತಿದ್ದ ಪಾಶ್ಚಾತ್ಯರು ಹೊರೆಯಾಳುಗಳನ್ನು ಆರಿಸಿಕೊಳ್ಳುತ್ತಿದ್ದುದು ಅಲ್ಲಿಯೇ. 1933ರಲ್ಲಿ ತೇನ್‌ಸಿಂಗರನ್ನು ಯಾರೂ ಆರಿಸಲಿಲ್ಲ. 1935ರಲ್ಲಿ ಎರಿಕ್ ಶಿಪ್ಟನ್ ಎಂಬಾತನು ಕೊನೆಯ ಗಳಿಗೆಯಲ್ಲಿ, ಅನುಭವವಿಲ್ಲದಿದ್ದರೂ ಮುಖದ ಮಂದಹಾಸವನ್ನು ಮೆಚ್ಚಿ ತನ್ನ ತಂಡಕ್ಕೆ ಸೇರಿಸಿಕೊಂಡನು. ಹೀಗೆ ಆರಂಭವಾದ ಕಾಯಕವು ಎಂತಹುದು? ಗುಡಾರ, ಆಹಾರ, ಹಗ್ಗ, ಒಲೆಗಳನ್ನು ಬೆನ್ನಿಗೇರಿಸಿಕೊಂಡು ಹಿಮದ ಬಿರುಕುಗಳನ್ನು ದಾಟಿ ಮೇಲೊಯ್ಯಬೇಕು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ; ತುದಿಯಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯುವು ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಒಂದು ಪಾಲು ಮಾತ್ರ. ಇಷ್ಟಾದರೂ ಕೀರ್ತಿ ಒಡೆಯನದು, ಹೊರೆ ಆಳಿನದು. 1936ರಲ್ಲಿ ಮತ್ತೆ ಹೋದರು. 1938ರಲ್ಲಿ 27,200 ಅಡಿಗಳವರೆಗೆ ಹೊರೆಯೊಯ್ದು, ಶೆರ್ಪಾಗಳಲ್ಲಿ ಉತ್ತಮರಿಗೆ ಸಲ್ಲುವ ಹುಲಿ ಪದಕವನ್ನು ಪಡೆದರು.

ಅನಂತರ ಕಷ್ಟಪರಂಪರೆ. ಎರಡನೆಯ ಮಹಾಯುದ್ಧದಿಂದ ಪರ್ವತಯಾತ್ರೆಗಳು ನಿಂತುಹೋದವು. ವಾಯವ್ಯ ಗಡಿಯ ಚಿತ್ರಾಲದಲ್ಲಿ ಸೈನಿಕರ ಭೋಜನಶಾಲೆಯ ಚಾಕರಿ ದೊರೆಯಿತಾದರೂ, 1944ರಲ್ಲಿ ಪತ್ನಿಯು ಅಲ್ಲಿಯೇ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳೊಡನೆ ಅವರು ಡಾರ್ಜಿಲಿಂಗಿಗೆ ಮರಳಿದರು. 1947ರಲ್ಲಿ ಅರ್ಲ್ ಡೆನ್ಮನ್ ಎಂಬ ಸಾಹಸಿಯ ಜೊತೆಗೂಡಿ ಟಿಬೆಟ್ಟಿನ ಕಡೆಯಿಂದ ಎವರೆಸ್ಟಿನ ಬುಡದವರೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. ಅದೇ ವರ್ಷ ಸ್ವಿಸ್ ತಂಡದ ಗಢವಾಲ ಯಾತ್ರೆಯಲ್ಲಿ ಶೆರ್ಪಾಗಳ ಮುಖಂಡರಾದರು.

1952ರ ವಸಂತದಲ್ಲಿ ಸ್ವಿಸ್ ಆರೋಹಿಗಳು ಎವರೆಸ್ಟಿಗೆ ಬಂದಾಗ ತೇನ್‌ಸಿಂಗರನ್ನು ಆಳೆಂದು ಕಾಣದೆ ಸಹಾರೋಹಿಯೆಂದು ಕಂಡರು. ರೇಮಂಡ್ ಲ್ಯಾಂಬರ್ಟ್ ಹಾಗೂ ತೇನ್‌ಸಿಂಗರು 27,500 ಅಡಿಗಳೆತ್ತರದಲ್ಲಿ ಹಾಸಿಗೆಯಿಲ್ಲದೆ, ಒಲೆಯಿಲ್ಲದೆ, ಮೋಂಬತ್ತಿಯ ಉರಿಯಲ್ಲಿ ಮಂಜನ್ನು ಕರಗಿಸಿ ಕುಡಿಯುತ್ತ ಒಂದಿರುಳನ್ನು ಕಳೆದರು. ಮರುದಿನ ಸುಮಾರು 28,200 ಅಡಿಗಳವರೆಗೆ ಏರಿ, ಮುಂದೆ ಹೋದರೆ ಹಿಂದಿರುಗುವುದು ಅಸಾಧ್ಯವೆಂದರಿತು ಇಳಿದರು. ಒಬ್ಬನ ಭಾಷೆ ಮತ್ತೊಬ್ಬನಿಗೆ ಬಾರದಿದ್ದರೂ ಆ ಮೈತ್ರಿ ಕಡೆಯವರೆಗೂ ಉಳಿಯಿತು. ಅದೇ ವರ್ಷ ಶರದೃತುವಿನಲ್ಲಿ ಮತ್ತೊಮ್ಮೆ ಹೋದಾಗ ಚಳಿಗಾಳಿಯು ತಡೆಯಿತು.

1953ರ ಬ್ರಿಟಿಷ್ ತಂಡದ ನಾಯಕರು ಕರ್ನಲ್ ಜಾನ್ ಹಂಟ್. ತೇನ್‌ಸಿಂಗರಿಗೆ ಅದು ಏಳನೆಯ ಎವರೆಸ್ಟ್ ಯಾತ್ರೆ. ಕಾಠ್ಮಂಡುವಿನಲ್ಲಿ ಶೆರ್ಪಾಗಳಿಗೆ ಮಲಗಲು ದೊರೆತುದು ಬ್ರಿಟಿಷ್ ರಾಯಭಾರ ಕಚೇರಿಯ ಮೋಟಾರು ಕೊಟ್ಟಿಗೆಯ ನೆಲ. ತೇನ್‌ಸಿಂಗರೂ ತಮ್ಮವರೊಡನೆ ಅಲ್ಲಿಯೇ ತಂಗಿದರು. ಹಿಮಪ್ರಪಾತದಲ್ಲಿ ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿಯವರು ಬಿರುಕಿಗೆ ಬಿದ್ದಾಗ, ಕ್ಷಣವೂ ತಡಮಾಡದೆ ಹಗ್ಗವನ್ನು ಬಿಗಿಹಿಡಿದು ಪ್ರಾಣವನ್ನುಳಿಸಿದವರು ಇವರೇ. ಮೇ 26ರಂದು ಬೋರ್ಡಿಲನ್ ಮತ್ತು ಎವಾನ್ಸರು ದಕ್ಷಿಣ ಶಿಖರವನ್ನು ಮುಟ್ಟಿ, ಬಳಲಿ ಹಿಂದಿರುಗಿದರು. ಎರಡನೆಯ ಸರದಿ ಹಿಲರಿ-ತೇನ್‌ಸಿಂಗರದು. ಮೇ 28ರ ರಾತ್ರಿ 27,900 ಅಡಿಗಳಲ್ಲಿ ಗುಡಾರ. ಮರುದಿನ ಬೆಳಿಗ್ಗೆ ಆರೂವರೆಗೆ ಹೊರಟು, ಹನ್ನೊಂದೂವರೆಯ ವೇಳೆಗೆ ತುದಿಯನ್ನು ಸೇರಿದರು. ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ವಸ್ತ್ರವು ತೇನ್‌ಸಿಂಗರ ಕೊರಳಿನಲ್ಲಿತ್ತು. ದೇವತೆಗೆ ನೈವೇದ್ಯವಾಗಿ ಸಿಹಿತಿಂಡಿಯನ್ನೂ, ಮಗಳು ಕೊಟ್ಟಿದ್ದ ಪೆನ್ಸಿಲನ್ನೂ ಅವರು ಹಿಮದಲ್ಲಿ ಹೂತರು. ಅಕ್ಷರವರಿಯದ ತಂದೆಯು ಜಗತ್ತಿನ ನೆತ್ತಿಯಲ್ಲಿ ಇಟ್ಟು ಬಂದುದು ಓದುವ ಮಗಳ ಲೇಖನಿಯನ್ನು! ಅಧ್ಯಾಪಕರಾದ ನಮಗೆ ಇದು ಮನನೀಯ.

ನಿಜವಾದ ಪರೀಕ್ಷೆಯು ಇಳಿದ ಮೇಲೆ ಕಾದಿತ್ತು. ಮೊದಲು ಕಾಲಿಟ್ಟವರಾರು ಎಂಬ ಪ್ರಶ್ನೆ ಎಲ್ಲೆಡೆ ಎದ್ದಿತು. ನೇಪಾಳವೂ ಭಾರತವೂ ತೇನ್‌ಸಿಂಗರನ್ನು ತನ್ನವರೆಂದವು. ಕಾಠ್ಮಂಡುವಿನ ಜನಸ್ತೋಮವು ಅವರೇ ಮೊದಲಿಗರೆಂದು ಘೋಷಿಸಿತು. ಹಂಟ್ ಮತ್ತು ಹಿಲರಿಯವರಿಗೆ ಸರ್ ಪದವಿ, ತೇನ್‌ಸಿಂಗರಿಗೆ ಜಾರ್ಜ್ ಪದಕ ದೊರೆತುದೂ ಅನೇಕರಿಗೆ ನೋವನ್ನುಂಟುಮಾಡಿತು. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಸೇರಿದೆವೆಂಬ ಹೇಳಿಕೆಗೆ ಸಹಿ ಹಾಕಿದರೂ ಗದ್ದಲವಡಗಲಿಲ್ಲ. ನಾನೇ ಮೊದಲಿಗನೆಂದು ಸುಳ್ಳಾಡಿದ್ದರೆ ಕೋಟಿ ಜನರು ನಂಬಲು ಸಿದ್ಧರಿದ್ದರು, ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ 1955ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತೇನ್‌ಸಿಂಗರು, ಹಿಲರಿಯವರು ಮೊದಲು ಕಾಲಿಟ್ಟರು, ತಾವು ಅವರ ಹಿಂದೆಯೇ ಏರಿದೆವೆಂದು ನಿಸ್ಸಂಕೋಚವಾಗಿ ತಿಳಿಸಿದರು. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಲ್ಲಿ ಹಿಂದುಮುಂದಿನ ಎಣಿಕೆಯೇ ಸಲ್ಲದೆಂಬುದು ಅವರ ನಿಲುವು. ಸ್ವಜನರ ನಿರಾಶೆಗೆ ಅಂಜದೆ ನುಡಿದ ಈ ಸತ್ಯವು ಎವರೆಸ್ಟಿಗಿಂತಲೂ ಎತ್ತರದ್ದೆಂದರೆ ಉತ್ಪ್ರೇಕ್ಷೆಯಾಗದು.

ಪಂಡಿತ ನೆಹರೂ ಅವರಿಗೆ ತೇನ್‌ಸಿಂಗರಲ್ಲಿ ಅಪಾರ ವಾತ್ಸಲ್ಯ. ವಿದೇಶಯಾತ್ರೆಗೆಂದು ತಮ್ಮ ಸ್ವಂತ ಉಡುಪುಗಳನ್ನೇ ಕೊಟ್ಟು ಕಳುಹಿಸಿದರು. 1954ರ ನವೆಂಬರಿನಲ್ಲಿ ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಯು ಸ್ಥಾಪಿತವಾದಾಗ ತೇನ್‌ಸಿಂಗರು ಕ್ಷೇತ್ರಶಿಕ್ಷಣದ ಪ್ರಥಮ ನಿರ್ದೇಶಕರಾದರು. ಶಾಲೆಯ ಮೆಟ್ಟಿಲು ಹತ್ತದವರು ಗುರುಪೀಠವನ್ನೇರಿ ಎರಡು ದಶಕಗಳಿಗೂ ಮಿಕ್ಕಿ ತರುಣರಿಗೆ ಹಗ್ಗದ ಗಂಟು, ಹಿಮಗೊಡಲಿಯ ಪ್ರಯೋಗಗಳನ್ನು ಕಲಿಸಿದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಸೋದರಳಿಯ ನವಾಂಗ್ ಗೊಂಬು 1963ರಲ್ಲಿಯೂ, 1965ರ ಭಾರತೀಯ ತಂಡದೊಡನೆಯೂ, ಎರಡು ಸಲ ಎವರೆಸ್ಟನ್ನೇರಿದ ಮೊದಲಿಗರಾದರು. 1986ರ ಮೇ 9ರಂದು ತೇನ್‌ಸಿಂಗರು ಡಾರ್ಜಿಲಿಂಗಿನಲ್ಲಿ ದೇಹವನ್ನು ಬಿಟ್ಟರು. ಹತ್ತು ವರ್ಷಗಳ ಬಳಿಕ ಮಗ ಜಾಮ್ಲಿಂಗ್ ತಂದೆಯ ಹೆಜ್ಜೆಯಲ್ಲಿ ಶಿಖರವನ್ನೇರಿದರು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಮ್ಮ ಶರಣರು ಬಾಳಿ ತೋರಿದರು. ಶರಣರ ಹೆಸರನ್ನೇ ಕೇಳದಿದ್ದ ದೂರದ ಹಿಮದೂರಿನವರೊಬ್ಬರು ಅದನ್ನೇ ಬೆನ್ನಮೇಲಿನ ಹೊರೆಯಿಂದ ತೋರಿದರು. ಈ ಸಂಸ್ಥೆಯಲ್ಲಿ ಓದಿ ಉನ್ನತ ಸ್ಥಾನಗಳನ್ನೇರಿದ ಅನೇಕರ ಹಿಂದೆ ಹೊಲದಲ್ಲಿ, ಕಣದಲ್ಲಿ ಹೊರೆ ಹೊತ್ತ ತಾಯ್ತಂದೆಗಳಿದ್ದಾರೆ. ಪ್ರಸಾದನಿಲಯಕ್ಕೆ ಧಾನ್ಯವನ್ನಿತ್ತ ದಾಸೋಹಿಗಳಿದ್ದಾರೆ. ನೆತ್ತಿಯನ್ನು ಮುಟ್ಟಿದವರು ಹಗ್ಗ ಹಿಡಿದವರನ್ನು ಮರೆಯದಿರಲಿ, ಸಂದ ಕೀರ್ತಿಯಲ್ಲಿ ಪರರ ಪಾಲನ್ನು ಪರರಿಗೆ ಒಪ್ಪಿಸುವ ಸತ್ಯಸಂಧತೆ ನಮ್ಮ ಮಕ್ಕಳಿಗೆ ಒದಗಲಿ ಎಂದು ಹಾರೈಸುತ್ತೇನೆ.