ಕಿಂದರಿಜೋಗಿಯನ್ನು ಕೊಟ್ಟ ಕುವೆಂಪು

ಕುವೆಂಪು ಅವರು 1904ರಲ್ಲಿ ಮಲೆನಾಡಿನಲ್ಲಿ ಹುಟ್ಟಿ, ಓದಲು ಮೈಸೂರಿಗೆ ಬಂದವರು. ಮೊದಲು ಬರೆದದ್ದು ಇಂಗ್ಲಿಷ್ ಕವಿತೆಗಳನ್ನು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ತಾಯ್ನುಡಿಯಲ್ಲೇ ಬರೆಯಲು ಹೇಳಿದಾಗ ಯುವಕನಿಗೆ ಬೇಸರವೇ ಆಯಿತು. ಆದರೂ ಕನ್ನಡಕ್ಕೆ ಹೊರಳಿದರು. ಬ್ರೌನಿಂಗನ ಪದ್ಯದಲ್ಲಿದ್ದ ಜರ್ಮನಿಯ ಊರನ್ನು ತುಂಗಾತೀರಕ್ಕೆ ತಂದು, ಮಕ್ಕಳಿಗಾಗಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದರು. ವಿಶ್ವವಿದ್ಯಾನಿಲಯದ ಉಪಕುಲಪತಿ ಹುದ್ದೆ, ಜ್ಞಾನಪೀಠ ಎಲ್ಲ ಆಮೇಲೆ ಬಂದವು. 1994ರಲ್ಲಿ ಮೈಸೂರಿನಲ್ಲೇ ನಿಧನರಾದರು.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಕಿಂದರಿಜೋಗಿಯ ಹಿಂದೆ ಓಡುವ ಇಲಿಯಾಗಿದ್ದೆ. ಬಾಲ ವೇದಿಕೆಯ ಮೇಲೇ ಕಳಚಿಬಿತ್ತು, ಸಹಪಾಠಿಗಳು ಮರೆತಿರಲಾರರು! ಈಗ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಮಗಳಿಗೆ ಅದೇ ಕಥೆ ಹೇಳುತ್ತೇನೆ. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಮಕ್ಕಳು ಬೆಟ್ಟದೊಳಗೆ ಮಾಯವಾದ ಕೂಡಲೇ ಅವರು ಮನೆಗೆ ಬರುತ್ತಾರೋ ಇಲ್ಲವೋ ಎಂದು ಕನ್ನಡದಲ್ಲಿ ಕೇಳುತ್ತಾಳೆ.